ಷರ್ಲಾಕ್ ಹೋಮ್ಸ್‌ಗಿಂತ ಮುಂಚೆ ಲೇಡಿ ಡಿಟೆಕ್ಟಿವ್ ಇದ್ದರಾ?

ಟೈಲರ್ ಅಕ್ಕ, ಹಾಸನ:
ಹಾಸನದಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ಮಧ್ಯಾಹ್ನ ಗಿರಾಕಿ ಕಡಿಮೆ, ಪತ್ತೇದಾರಿ ಕಾದಂಬರಿ ಓದುತ್ತಾ ಕೂರುತ್ತೇನೆ. ಅಪ್ಪನಿಂದ ಬಂದ ಚಟ. ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪುಸ್ತಕ ತಂದರೆ ಮುಗಿಯಿತು, ಪತ್ತೇದಾರ ಪುರುಷೋತ್ತಮ ಕಳ್ಳನನ್ನು ಹಿಡಿಯುವ ತನಕ ಅಪ್ಪ ಊಟಕ್ಕೆ ಏಳುತ್ತಿರಲಿಲ್ಲ. ಮೊನ್ನೆ ಬ್ಲೌಸ್ ಅಳತೆ ಕೊಡಲು ಬಂದ ಕಾಲೇಜು ಹುಡುಗಿ, ಹೋಮ್ಸ್‌ಗಿಂತ ಮೊದಲೇ ಲಂಡನ್ ಕಥೆಗಳಲ್ಲಿ ಹೆಂಗಸರು ಪತ್ತೇದಾರಿಕೆ ಮಾಡುತ್ತಿದ್ದರು ಎಂದಳು. ನಾನು ಅಗಾಥಾ ಕ್ರಿಸ್ಟಿ ಕಥೆಗಳ ಮಿಸ್ ಮಾರ್ಪಲ್ ಮೊದಲು ಅಂದುಕೊಂಡಿದ್ದೆ. ನಿಜವಾ? ಸುಮ್ನೆ ಹೆಸರಿನ ಪಟ್ಟಿ ಕೊಡಬೇಡಿ, ಕಥೆ ಹೇಳಿ.

ಪುಸ್ತಕದ ಹುಳು, ಚಿಕ್ಕಮಗಳೂರು:
ಹುಡುಗಿ ಹೇಳಿದ್ದು ಸರಿ ಅಕ್ಕ. ಹೋಮ್ಸ್ ಬಂದದ್ದು 1887ರಲ್ಲಿ, ಮಿಸ್ ಮಾರ್ಪಲ್ 1927ರಲ್ಲಿ. ಆದರೆ 1864ರಲ್ಲೇ ಲಂಡನ್ನಿನಲ್ಲಿ ಹೆಣ್ಣು ಪತ್ತೇದಾರರ ಎರಡು ಪುಸ್ತಕ ಬಂದಿದ್ದವು. ಒಂದರಲ್ಲಿ ಮಿಸ್ ಗ್ಲ್ಯಾಡನ್, ಇನ್ನೊಂದರಲ್ಲಿ ಮಿಸೆಸ್ ಪ್ಯಾಸ್ಕಲ್. ಪ್ಯಾಸ್ಕಲ್ ನಿಮಗೆ ಹಿಡಿಸುತ್ತಾಳೆ. ಆಗಿನ ಹೆಂಗಸರು ಲಂಗ ಉಬ್ಬಿ ನಿಲ್ಲಲಿ ಎಂದು ಒಳಗೆ ಬಳೆ ಬಳೆಯ ಪಂಜರ ತೊಡುತ್ತಿದ್ದರು, ಕ್ರಿನೋಲಿನ್ ಅಂತ. ಕಳ್ಳಿಯೊಬ್ಬಳ ಬೆನ್ನು ಹತ್ತಿದ ಪ್ಯಾಸ್ಕಲ್ ನೆಲದ ಕಿಂಡಿಯಲ್ಲಿ ಇಳಿಯಬೇಕು. ಪಂಜರ ತೂರುವುದಿಲ್ಲ. ಬಿಚ್ಚಿ ಅಲ್ಲೇ ಬಿಟ್ಟು ಇಳಿದೇಬಿಡುತ್ತಾಳೆ!

ಲಂಡನ್ ಪೊಲೀಸರು ಸಮವಸ್ತ್ರದ ಹೆಂಗಸರನ್ನು ಗಸ್ತಿಗೆ ಇಳಿಸಿದ್ದು 1919ರಲ್ಲಿ. ಕಥೆ 55 ವರ್ಷ ಮುಂದಿತ್ತು.

ಎಸ್ಟೇಟ್ ರೈಟರ್, ಮೂಡಿಗೆರೆ:
ಅಮೆರಿಕದಲ್ಲಿ ನಿಜವಾಗಿಯೂ ಒಬ್ಬಳಿದ್ದಳು. ಕೇಟ್ ವಾರ್ನ್. 1856ರಲ್ಲಿ ಶಿಕಾಗೋದ ಪಿಂಕರ್ಟನ್ ಪತ್ತೇದಾರಿ ಕಂಪನಿ ಸೇರಿದಳು. ಗಂಡಸರು ಹೋಗಲಾಗದ ಕಡೆ ಹೋಗಿ ಗುಟ್ಟು ತರುತ್ತೇನೆ ಎನ್ನುವುದೇ ಅವಳ ವಾದ. 1861ರಲ್ಲಿ ಲಿಂಕನ್‌ರನ್ನು ಗುಟ್ಟಾಗಿ ವಾಷಿಂಗ್ಟನ್‌ಗೆ ಸಾಗಿಸಿದಾಗ, ಕಾಯಿಲೆಯ ಅಣ್ಣ ಎಂದು ಹೇಳಿ ರೈಲಿನಲ್ಲಿ ಜಾಗ ಮಾಡಿದ್ದೂ ಇವಳೇ.

ನಮ್ಮಲ್ಲೊಮ್ಮೆ ಕಣದಿಂದ ಕಾಫಿ ಕಳುವಾಯಿತು. ಸಾಹುಕಾರರೂ ನಾನೂ ವಾರವಿಡೀ ತಲೆ ಕೆಡಿಸಿಕೊಂಡೆವು. ಕಣ ಗುಡಿಸುವ ಅಜ್ಜಿಗೆ ಎರಡನೇ ದಿನವೇ ಗೊತ್ತಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಪುಸ್ತಕದ ಹುಳು, ಚಿಕ್ಕಮಗಳೂರು:
ರೈಟರ್ ಸಾರ್, ಆ ಅಜ್ಜಿಯನ್ನು ಕಥೆಗೆ ತರಬೇಕಿದ್ದರೆ ಆಗಿನ ಲೇಖಕರು ಮೊದಲು ಅವಳಿಗೊಂದು ಕಷ್ಟ ಹುಡುಕುತ್ತಿದ್ದರು. ಪ್ಯಾಸ್ಕಲ್ ಗಂಡ ಸತ್ತು ಕೈ ಬರಿದಾದವಳು. 1893ರ ಕಥೆಗಳ ಪತ್ತೇದಾರಿಣಿ ಲವ್‌ಡೇ ಬ್ರೂಕ್‌ಗೆ ಇದ್ದದ್ದೆಲ್ಲ ಹೋಗಿತ್ತು. 1897ರ ಡಾರ್ಕಸ್ ಡೀನ್ ನಾಟಕದ ನಟಿ, ಚಿತ್ರ ಬರೆಯುವ ಗಂಡನ ಕಣ್ಣು ಹೋದ ಮೇಲೆ ಈ ಕೆಲಸಕ್ಕಿಳಿದಳು. 1910ರ ಲೇಡಿ ಮಾಲಿ ಎಂಬವಳ ಗಂಡ ಜೈಲಿನಲ್ಲಿ. ಅವನು ತಪ್ಪಿತಸ್ಥನಲ್ಲ ಎಂದಾದ ಕೂಡಲೇ ಕೆಲಸ ಬಿಟ್ಟಳು! ಹೋಮ್ಸ್‌ನನ್ನು ಯಾರಾದರೂ ಕಾರಣ ಕೇಳಿದರಾ?

ಟೈಲರ್ ಅಕ್ಕ, ಹಾಸನ:
ಇದು ನನಗೆ ಚೆನ್ನಾಗಿ ಗೊತ್ತು. ಮಿಷನ್ ತಂದು ಅಂಗಡಿ ಹಾಕಿದಾಗ ಬೀದಿಯವರೆಲ್ಲ "ಯಾಕಮ್ಮ, ಮನೇಲಿ ತೊಂದರೆನಾ?" ಎಂದು ಕೇಳಿದ್ದೇ ಕೇಳಿದ್ದು. ತೊಂದರೆ ಏನೂ ಇರಲಿಲ್ಲ. ಹೊಲಿಯೋದು ಇಷ್ಟ. ಕೊನೆಗೆ ಕೇಳಿ ಕೇಳಿ ಸಾಕಾಗಿ, ಸಾಲ ಇದೆ ಎಂದು ಸುಳ್ಳು ಹೇಳಿದೆ. ಎಲ್ಲರಿಗೂ ಸಮಾಧಾನ ಆಯಿತು.

ಯಾವ ಕಷ್ಟವೂ ಇಲ್ಲದೆ, ಬರೀ ಕುತೂಹಲಕ್ಕೆ ಪತ್ತೇದಾರಿಕೆ ಮಾಡಿದವಳು ಒಬ್ಬಳೂ ಇಲ್ಲವಾ?

ಪುಸ್ತಕದ ಹುಳು, ಚಿಕ್ಕಮಗಳೂರು:
ಇದ್ದಾಳೆ! ಅಮೀಲಿಯಾ ಬಟರ್‌ವರ್ತ್, ನ್ಯೂಯಾರ್ಕಿನ ಅನುಕೂಲಸ್ಥ ಹೆಂಗಸು, ಮದುವೆಯಿಲ್ಲ. ಬರೆದವರು ಆನಾ ಕ್ಯಾಥರೀನ್ ಗ್ರೀನ್, 1897. ಪುಸ್ತಕ 'ದಟ್ ಅಫೇರ್ ನೆಕ್ಸ್ಟ್ ಡೋರ್', ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಸತ್ತವಳ ಟೋಪಿಯಲ್ಲಿ ಪಿನ್ನು ಒಂದೇ ಸಲ ಚುಚ್ಚಿದ ಗುರುತು ನೋಡಿ, ಇದನ್ನು ತೊಟ್ಟದ್ದು ಒಂದೇ ಸಲ ಎಂದು ಹೇಳುತ್ತಾಳೆ. ನಿಮ್ಮ ಕಸುಬಿನವಳೇ ಅನ್ನಿ. ಕಥೆ ಶುರುವಾಗುವುದೇ ತಾನು ಕುತೂಹಲದ ಹೆಂಗಸಲ್ಲ ಎಂಬ ಮಾತಿನಿಂದ. ಆ ವಾಕ್ಯ ಮುಗಿಯುವುದರೊಳಗೆ ನಡುರಾತ್ರಿ ಹಾಸಿಗೆ ಬಿಟ್ಟೆದ್ದು, ಪರದೆ ಸಂದಿಯಿಂದ ಪಕ್ಕದ ಮನೆ ನೋಡುತ್ತಿರುತ್ತಾಳೆ.