ಫ್ಯಾಕ್ಟರಿ ಚಾಕುನ ಮನೇಲೇ ತಿದ್ದಿಕೊಳ್ಳೋದು: ನನ್ನ ಅನುಭವ, ಮೊದಲು ಹಿಡಿ, ಅಲಗು ಆಮೇಲೆ

ನೀವು ಕೇಳಿದ್ದು ಇದು ತಾನೇ, ಹೊಸದಾಗಿ ಒಂದು ಫಿಕ್ಸೆಡ್ ಬ್ಲೇಡ್ ಚಾಕು, ಅಂದ್ರೆ ಮಡಚೋಕೆ ಬರದೇ ಇರೋದು, ತಗೊಂಡಿದೀರ, 1095 ಕಾರ್ಬನ್ ಸ್ಟೀಲು, ಮೇಲೆ ಕಪ್ಪು ಕೋಟಿಂಗು, ಫುಲ್ ಟ್ಯಾಂಗು (ಅಲಗಿನ ಉಕ್ಕೇ ಹಿಡಿಯ ಕೊನೆವರೆಗೂ ಹೋಗಿರುತ್ತೆ, ಆ ಭಾಗವೇ ಟ್ಯಾಂಗು), ಎರಡು ಕಡೆ ಪ್ಲಾಸ್ಟಿಕ್ ಹಿಡಿ ಸ್ಕ್ರೂ ಹಾಕಿ ಕೂರಿಸಿದಾರೆ. ಕೋಟಿಂಗ್ ತೆಗೀಬೇಕು, ಬೆನ್ನಿನ ದುಂಡಗಿರೋ ಅಂಚನ್ನ ಚೌಕ ಮಾಡ್ಬೇಕು, ಮರದ ಹಿಡಿ ಹಾಕ್ಬೇಕು, ಮನೇಲಿ ಇರೋದು ಒಂದು ಡ್ರಿಲ್ಲು, ಒಂದು ಆಂಗಲ್ ಗ್ರೈಂಡರು, ಎಲ್ಲಿಂದ ಶುರು ಮಾಡ್ಲಿ, ಚಾಕು ಹಾಳಾಗಲ್ಲ ತಾನೇ ಅಂತ. ಇದಕ್ಕೆ ಆಗಲೇ ಒಬ್ರು ಗ್ರೈಂಡರ್‌ಗೆ ಫ್ಲಾಪ್ ಡಿಸ್ಕ್ (ಎಮರಿ ಪಟ್ಟಿ ಜೋಡಿಸಿರೋ ಚಕ್ರ) ಹಾಕಿದ್ರೆ ಎಲ್ಲಾ ಹತ್ತು ನಿಮಿಷದ ಕೆಲಸ ಅಂದಿದಾರೆ. ದಯವಿಟ್ಟು ಅದೊಂದು ಮಾಡಬೇಡಿ. ನಾನು ಮಾಡಿ ಕಳಕೊಂಡಿದೀನಿ, ಅದಕ್ಕೇ ಇಷ್ಟು ಉದ್ದ ಬರೀತಿರೋದು.

ನನ್ನ ಮೊದಲನೇ ಚಾಕುದೂ ಇದೇ ಥರದ ಉಕ್ಕು. ಮೊನೆ ಸ್ವಲ್ಪ ಕೆಳಗೆ ಇಳಿಸೋಣ, ಕೆತ್ತೋಕೆ ಚೆನ್ನಾಗಿರುತ್ತೆ ಅಂತ ಬೆನ್ನಿನ ಕಡೆಯಿಂದ ಗ್ರೈಂಡರ್ ಕೊಟ್ಟೆ. ಕಣ್ಣೆದುರಿಗೇ ಮೊನೆ ಹತ್ರ ಮೊದಲು ಒಣಹುಲ್ಲಿನ ಬಣ್ಣ ಬಂತು, ಅದು ಕಂದು ಆಯ್ತು, ನೇರಳೆ ಆಯ್ತು, ಡಿಸ್ಕ್ ಎತ್ತೋ ಅಷ್ಟರಲ್ಲಿ ನೀಲಿ. ನಾಲ್ಕೈದು ಸೆಕೆಂಡೂ ಇಲ್ಲ. ತಕ್ಷಣ ನೀರಿಗೆ ಅದ್ದಿದೆ, ಆದ್ರೆ ಬಣ್ಣ ಬಂದಮೇಲೆ ಅದ್ದಿ ಪ್ರಯೋಜನ ಇಲ್ಲ, ಅಷ್ಟೊತ್ತಿಗೆ ಹದ, ಅಂದ್ರೆ ಕಾಯಿಸಿ ಕೊಟ್ಟಿರೋ ಗಟ್ಟಿತನ, ಹೋಗಿರುತ್ತೆ. ಈ ಉಕ್ಕಿಗೆ ಫ್ಯಾಕ್ಟರೀಲಿ ಹದ ಮಾಡೋದು ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲಿ, ನೀಲಿ ಬಣ್ಣ ಬರೋದು ಹತ್ರ ಹತ್ರ 300ಕ್ಕೆ. ಮೊನೆ ತೆಳ್ಳಗಿರೋದ್ರಿಂದ ಕಾವು ಹೋಗೋಕೆ ಜಾಗ ಇಲ್ಲ, ಅಲ್ಲೇ ಸೇರಿಕೊಳ್ಳುತ್ತೆ. ಆಮೇಲೆ ನಾನು ಮಾಡಿದ ಇನ್ನೊಂದು ತಪ್ಪು ಅಂದ್ರೆ ನೀಲೀನ ಎಮರಿ ಪೇಪರಲ್ಲಿ ಉಜ್ಜಿ ತೆಗೆದು ಸರಿಹೋಯ್ತು ಅಂದ್ಕೊಂಡಿದ್ದು. ಬಣ್ಣ ಮೇಲಿಂದು ಮಾತ್ರ, ಮೆತ್ತಗಾಗಿರೋದು ಒಳಗಿನ ಉಕ್ಕು. ಒಣಕಡ್ಡಿ ಕೆತ್ತಿದ್ರೂ ಮೊನೆ ಹತ್ರ ಬಾಯಿ, ಅಂದ್ರೆ ಹರಿತದ ಅಂಚು, ಮಡಚಿಕೊಳ್ಳೋದು, ಎಷ್ಟು ಸಾಣೆ ಹಿಡಿದ್ರೂ ಅಷ್ಟೇ. ಕೊನೆಗೆ ಗಟ್ಟಿ ಉಕ್ಕು ಸಿಗೋವರೆಗೂ ಮೊನೇನ ಕಲ್ಲಿನ ಮೇಲೆ ಕೈಯಲ್ಲೇ ಸವೆಸಬೇಕಾಯ್ತು.

ಹಾಗಾಗಿ ಗ್ರೈಂಡರ್ ಎತ್ತಿಡಿ. ಎರಡು ವಾರ ಚಾಕುನ ಹೇಗಿದೆಯೋ ಹಾಗೇ ಬಳಸಿ. ಒಂದು ದಿನ ಕೂತು ಅರ್ಧ ಗಂಟೆ ಬಿಡದೆ ಕಟ್ಟಿಗೆ ಕೆತ್ತಿ, ಆಮೇಲೆ ಅಂಗೈ ನೋಡ್ಕೊಳ್ಳಿ. ಎಲ್ಲಿ ಕೆಂಪಗಾಗಿದೆ, ಎಲ್ಲಿ ಬೊಬ್ಬೆ ಏಳೋ ಥರ ಉರೀತಿದೆ, ತಿದ್ದಬೇಕಾಗಿರೋದು ಆ ಜಾಗಕ್ಕೆ ತಾಗೋ ಹಿಡಿಯ ಭಾಗ. ನನಗೆ ಕಿರುಬೆರಳ ಹತ್ರ ಮತ್ತೆ ತೋರುಬೆರಳ ಬುಡದಲ್ಲಿ ಕಚ್ಚೋದು, ನೋಡಿದ್ರೆ ಪ್ಲಾಸ್ಟಿಕ್ಕಿನ ಅಂಚು ಚೌಕಾಗಿತ್ತು. 120 ನಂಬರ್ ಪೇಪರಲ್ಲಿ ಹತ್ತು ನಿಮಿಷ ಉಜ್ಜಿದ್ದಕ್ಕೆ ಬೇರೆ ಚಾಕುನೇ ಹಿಡಿದಂಗೆ ಆಯ್ತು. ಎಷ್ಟೋ ಸಲ ಇಷ್ಟೇ ಸಾಕಾಗುತ್ತೆ, ಹೊಸ ಹಿಡಿ ಬೇಕಾಗೇ ಇರಲ್ಲ. ಆದ್ರೆ ಮಾಸ್ಕ್ ಹಾಕ್ಕೊಳ್ಳಿ, ಈ ಹಿಡಿಗಳ ಪ್ಲಾಸ್ಟಿಕ್ಕಲ್ಲಿ ಎಷ್ಟೋ ಸಲ ಗಾಜಿನ ನಾರು ಸೇರಿಸಿರ್ತಾರೆ, ಬಟ್ಟೆ ಇಲ್ಲಾ ಗಾಜಿನ ನಾರನ್ನ ರಾಳದಲ್ಲಿ ಒತ್ತಿ ಮಾಡೋ ಮಿಕಾರ್ಟಾ, ಜಿ10 ಥರದ ಹಿಡಿಗಳ ಧೂಳೂ ಶ್ವಾಸಕೋಶಕ್ಕೆ ಒಳ್ಳೇದಲ್ಲ, ನೀರು ಹಾಕ್ಕೊಂಡು ಉಜ್ಜಿದ್ರೆ ಧೂಳೇ ಏಳಲ್ಲ. ಮರಕ್ಕೂ ಮಾಸ್ಕ್ ಬೇಕು, ಬೀಟೆಯಂಥ ಮರದ ಪುಡಿಗೆ ಕೆಲವರಿಗೆ ಮೈಯೆಲ್ಲಾ ತುರಿಕೆ ಬರುತ್ತೆ.

ಇಲ್ಲ, ಮರದ್ದೇ ಬೇಕು ಅಂದ್ರೆ ನಿಮ್ಮದು ಸ್ಕ್ರೂ ಹಿಡಿ ಆಗಿರೋದು ದೊಡ್ಡ ಅನುಕೂಲ, ಟ್ಯಾಂಗಲ್ಲಿ ತೂತು ಆಗಲೇ ಇದೆ, ಗಟ್ಟಿ ಉಕ್ಕಿಗೆ ಡ್ರಿಲ್ ಹಾಕೋ ಕಷ್ಟ ಇಲ್ಲ. ಹಳೇ ಹಿಡೀನ ಮರದ ಮೇಲಿಟ್ಟು ಪೆನ್ಸಿಲಲ್ಲಿ ಗೆರೆ ಹೊಡೆದು, ಒಂದೆರಡು ಮಿಲಿಮೀಟರ್ ಜಾಸ್ತಿ ಬಿಟ್ಟು ಕತ್ತರಿಸ್ಕೊಳ್ಳಿ. ಇಲ್ಲಿ ನನಗೆ ಯಾರೂ ಹೇಳದೇ ಇದ್ದದ್ದು ಒಂದಿದೆ. ಹಿಡಿಯ ಮುಂದಿನ ತುದಿ, ಅಂದ್ರೆ ಅಲಗಿಗೆ ತಾಗೋ ಕಡೆ, ಅದನ್ನ ಅಂಟಿಸೋಕೆ ಮುಂಚೇನೇ ಪೂರ್ತಿ ಉಜ್ಜಿ ನಯ ಮಾಡಿ ಮುಗಿಸಿಬಿಡಿ, ಎರಡೂ ತುಂಡು ಒಟ್ಟಿಗೆ ಸೇರಿಸಿ ಹಿಡಿದು. ಅಂಟಿಸಿದ ಮೇಲೆ ಅಲ್ಲಿ ಪೇಪರ್ ಆಡಿಸೋಕೆ ಹೋದ್ರೆ ಅಲಗಿನ ಮೇಲೆ ಗೀರು ಬೀಳೋದು ತಪ್ಪಲ್ಲ, ನನ್ನ ಎರಡನೇ ಚಾಕು ಮೇಲೆ ಆ ಗೀರು ಇವತ್ತಿಗೂ ಇದೆ.

ಅಂಟಿಗೆ ನಿಧಾನಕ್ಕೆ ಗಟ್ಟಿಯಾಗೋ ಎಪಾಕ್ಸಿ, ಐದು ನಿಮಿಷದ್ದು ಬೇಡ. ಟ್ಯಾಂಗನ್ನ 80 ನಂಬರಲ್ಲಿ ಚೆನ್ನಾಗಿ ಗೀಚಿ ಒರಟು ಮಾಡಿ, ಅಸಿಟೋನಲ್ಲಿ ಒರೆಸಿ, ಆಮೇಲೆ ಬೆರಳು ಕೂಡ ತಾಗಿಸಬೇಡಿ, ಬೆರಳಿನ ಜಿಡ್ಡು ಸಾಕು ಅಂಟು ಬಿಟ್ಕೊಳ್ಳೋಕೆ. ಕ್ಲಾಂಪ್ ಹಾಕುವಾಗ ಶಕ್ತಿ ತೋರಿಸಬೇಡಿ, ಜಾಸ್ತಿ ಬಿಗಿದ್ರೆ ಅಂಟೆಲ್ಲಾ ಆಚೆ ಬಂದು ಮಧ್ಯೆ ಏನೂ ಉಳಿಯಲ್ಲ. ಮುಂದೆ ಅಲಗಿನ ಕಡೆ ಉಕ್ಕಿ ಬಂದಿದ್ದನ್ನ ಹಸಿ ಇರುವಾಗಲೇ ಸ್ಪಿರಿಟ್ ಹತ್ತಿಯಲ್ಲಿ ಒರೆಸಿಬಿಡಿ. 24 ಗಂಟೆ ಮುಟ್ಟಬೇಡಿ. ಆಮೇಲೆ ಅಲಗಿಗೆಲ್ಲಾ ದಪ್ಪ ಟೇಪ್ ಸುತ್ತಿ ಕೈಯಲ್ಲೇ ಉಜ್ಜಿ ಟ್ಯಾಂಗಿನ ಮಟ್ಟಕ್ಕೆ ತನ್ನಿ. ಇಲ್ಲಿ ಮೆಷಿನ್ ಕೊಟ್ರೆ ಟ್ಯಾಂಗ್ ಬಿಸಿಯಾಗಿ ಒಳಗಿನ ಎಪಾಕ್ಸಿ ಮೆತ್ತಗಾಗುತ್ತೆ. ಕೊನೆಕೊನೆಗೆ ಕಣ್ಣು ಮುಚ್ಕೊಂಡು ಹಿಡಿದು ನೋಡಿ, ಕಣ್ಣಿಗೆ ಕಾಣದ ಉಬ್ಬು ಅಂಗೈಗೆ ಗೊತ್ತಾಗುತ್ತೆ. ಮರದ ಹಿಡಿಗೆ ಹಚ್ಚೋಕೆ ಅಗಸೆ ಎಣ್ಣೆ ಚೆನ್ನ, ಆದ್ರೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ, ನಿಜವಾಗ್ಲೂ. ಹೊರಗೆ ಹರಡಿ ಒಣಗಿಸಿ, ಇಲ್ಲಾ ನೀರಲ್ಲಿ ನೆನೆಸಿಡಿ.

ಕೋಟಿಂಗಿಗೆ ಪೇಂಟ್ ರಿಮೂವರ್ ಹಚ್ಚಿ, ಬಯಲಲ್ಲಿ, ಕೆಮಿಕಲ್ ತಡೆಯೋ ಗ್ಲೌಸ್ ಹಾಕ್ಕೊಂಡು, ಸುಕ್ಕುಗಟ್ಟಿದ ಮೇಲೆ ಮರದ ಚಕ್ಕೆಯಲ್ಲಿ ಕೆರೆದುಬಿಡಿ. ಒಳಗೆ ಫಳಫಳ ಉಕ್ಕು ಇರುತ್ತೆ ಅಂದ್ಕೋಬೇಡಿ, ಸಾಮಾನ್ಯವಾಗಿ ಬೂದು ಬಣ್ಣ, ಒರಟೊರಟು, ಅದನ್ನ ನುಣ್ಣಗೆ ಮಾಡೋಕೆ ಹೋದ್ರೆ ಭುಜ ಬಿದ್ದುಹೋಗುತ್ತೆ. ನಾನಂತೂ ಒರಟನ್ನ ಹಾಗೇ ಬಿಟ್ಟು ವಿನೆಗರ್ ಕೊಟ್ಟೆ. ಜಿಡ್ಡು ಪೂರ್ತಿ ತೆಗೆದು, ಬಿಸಿ ವಿನೆಗರಲ್ಲಿ ಅಲಗು ಇಳಿಸಿದ್ರೆ ಸಣ್ಣ ಸಣ್ಣ ಗುಳ್ಳೆ ಏಳ್ತವೆ, ಹದಿನೈದಿಪ್ಪತ್ತು ನಿಮಿಷಕ್ಕೆ ಬೂದುಗಪ್ಪಾಗುತ್ತೆ. ತೊಳೆದು, ಅಡುಗೆ ಸೋಡಾ ನೀರಲ್ಲಿ ಅದ್ದಿ, ಒಣಗಿಸಿ ಎಣ್ಣೆ ಹಚ್ಚಿ. ರಾತ್ರಿಯೆಲ್ಲಾ ಬಿಟ್ರೆ ಆಮ್ಲ ಬಾಯೀನ ತಿಂದುಹಾಕುತ್ತೆ. ಕೋಟಿಂಗ್ ಹೋದ ಮೇಲೆ ತುಕ್ಕು ನಿಮ್ಮ ಜವಾಬ್ದಾರಿ ಅನ್ನೋದು ಗೊತ್ತಿರಲಿ, ಪ್ರತಿ ಸಲ ಒರೆಸಿಡೋ ಅಭ್ಯಾಸ ಇಲ್ಲಾಂದ್ರೆ ಕೋಟಿಂಗೇ ವಾಸಿ.

ಬೆನ್ನು ಚೌಕ ಮಾಡೋದು ಫೆರೋ ರಾಡನ್ನ (ಬೆಂಕಿ ಹೊತ್ತಿಸೋಕೆ ಕೆರೆಯೋ ಕಡ್ಡಿ) ಕೆರೆದಾಗ ಕಿಡಿ ಬರ್ಲಿ ಅಂತ ತಾನೇ, ಹಾಗಿದ್ರೆ ಇಡೀ ಬೆನ್ನು ಯಾಕೆ? ಮೊನೆ ಕಡೆ ಎರಡು ಇಂಚು ಸಾಕು. ಹೆಬ್ಬೆರಳು ಕೂರೋ ಜಾಗ ದುಂಡಗೇ ಇರ್ಲಿ, ಇಲ್ಲಾಂದ್ರೆ ಒತ್ತಿದಾಗೆಲ್ಲಾ ಚರ್ಮ ಕೀಳುತ್ತೆ. ಬಾಯಿಗೆ ಮರದ ಪಟ್ಟಿ ಕಟ್ಟಿ ವೈಸಲ್ಲಿ ಹಿಡಿಸಿ, ಉಕ್ಕು ಗಟ್ಟಿಯಾಗಿ ಅರ ಕಚ್ಚದೆ ಜಾರಿದ್ರೆ ಡೈಮಂಡ್ ಪ್ಲೇಟ್ (ವಜ್ರದ ಪುಡಿ ಕೂರಿಸಿರೋ ಸಾಣೆ ತಗಡು) ತಗೊಳ್ಳಿ, ಒಂದೇ ಮಟ್ಟಕ್ಕೆ ಉದ್ದಕ್ಕೆ ಎಳೀರಿ.

ಇನ್ನೊಬ್ರು ಮೋರಾ ಕಂಪ್ಯಾನಿಯನ್ ಅನ್ನೋ ಸ್ವೀಡನ್ನಿನ ಚಾಕುಗೂ ಹೀಗೇ ಮಾಡಬಹುದಾ ಅಂತ ಕೇಳಿದ್ರು. ಬೆನ್ನಿನ ಕೆಲಸ ಧಾರಾಳವಾಗಿ ಮಾಡಿ, ಆದ್ರೆ ಅದರ ಹಿಡಿ ಬಿಚ್ಚೋಕೆ ಬರಲ್ಲ, ಟ್ಯಾಂಗ್ ಮೇಲೆ ಅಚ್ಚು ಹೊಯ್ದಿರೋದು, ಒಡೆದೇ ತೆಗೀಬೇಕು. ಸ್ಟೇನ್‌ಲೆಸ್ ಮಾದರಿ ಆಗಿದ್ರೆ ವಿನೆಗರ್ ಕೆಲಸಾನೂ ಆಗಲ್ಲ.

ಸಾಣೆ ಮಾತ್ರ ಎಲ್ಲಾ ಮುಗಿದ ಮೇಲೆ. ಹರಿತ ಬಾಯಿ ಇಟ್ಕೊಂಡು ಹಿಡಿ ಉಜ್ಜೋಕೆ ಕೂತ್ರೆ ಎರಡು ಪದರ ಟೇಪ್ ದಾಟಿಕೊಂಡು ಬೆರಳಿಗೆ ಬರುತ್ತೆ, ನನಗೆ ಬಂದಿದೆ. ಬಾಯಿಗೆ ಮಾರ್ಕರ್ ಬಳಿದು ಒರಟು ಕಲ್ಲಲ್ಲಿ ನಾಲ್ಕು ಸಲ ಎಳೆದು ನೋಡಿ, ಮಸಿ ಬಾಯಿಯ ತುದೀಲಿ ಮಾತ್ರ ಹೋಗಿದ್ರೆ ಬೆನ್ನು ಇನ್ನೊಂಚೂರು ಕೆಳಗೆ ಮಲಗಿಸಿ, ಮೇಲಿನ ಕಡೆ ಮಾತ್ರ ಹೋಗಿದ್ರೆ ಬೆನ್ನು ಸ್ವಲ್ಪ ಎತ್ತಿ. ಕೆತ್ತಿ ಆದಮೇಲೆ ಅಂಗೈ ಎಲ್ಲಿ ಕೆಂಪಗಾಯ್ತು ಅಂತ ಬಂದು ಹೇಳಿ, ಹಿಡಿಗೆ ಯಾವ ಆಕಾರ ಕೊಡಬಹುದು ಅಂತ ಅದನ್ನ ನೋಡಿ ಮಾತಾಡೋಣ.