ಪಾಡ್‌ಕಾಸ್ಟ್‌ಗೂ ಸ್ಟೇಜ್‌ಗೂ ಒಂದೇ ಮೈಕ್ ಸಾಕಾಗುತ್ತಾ?

ಪ್ರಶ್ನೆ: ಪಾಡ್‌ಕಾಸ್ಟ್ ಮಾಡುತ್ತೇನೆ, ಆಗಾಗ ಸ್ಟೇಜ್ ಮೇಲೆ ಹಾಡುವುದೂ ಇದೆ. ಎರಡಕ್ಕೂ ಆಗುವ ಡೈನಮಿಕ್ ಮೈಕ್ (ಕಾಯಿಲ್, ಮ್ಯಾಗ್ನೆಟ್‌ನಿಂದ ಕೆಲಸ ಮಾಡುವ ಬಗೆ) ಬೇಕು. ಎಲ್ಲರೂ ಶೂರ್ ಎಸ್‌ಎಂ7ಬಿ ಅನ್ನುತ್ತಾರೆ, ಅದನ್ನೇ ತಗೊಳ್ಳಲಾ? ರೂಮಿನಲ್ಲಿ ಎಕೋ ಬೇರೆ ಇದೆ.

ಉತ್ತರ 1: ಬೇಡ. ಎಸ್‌ಎಂ7ಬಿ ಕೈಯಲ್ಲಿ ಹಿಡಿದು ಹಾಡುವ ಮೈಕ್ ಅಲ್ಲ, ಮೇಜಿನ ಆರ್ಮ್ ಸ್ಟ್ಯಾಂಡ್‌ಗೆ ಹಾಕಿ ಕೂತು ಮಾತಾಡುವಂಥದ್ದು. ಅದಕ್ಕೆ ಸುಮಾರು 60 ಡಿಬಿ (ಡೆಸಿಬೆಲ್) ಗೇನ್, ಅಂದರೆ ಸಿಗ್ನಲ್ ಹೆಚ್ಚಿಸುವುದು, ಬೇಕು; ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಧಾರಣ ಇಂಟರ್‌ಫೇಸ್‌ನಲ್ಲಿ ಅಷ್ಟು ತಿರುಗಿಸಿದರೆ ಸುಯ್ ಅನ್ನುವ ಸದ್ದೂ ಜೊತೆಗೇ ಬರುತ್ತದೆ. ಶೂರ್‌ನದೇ ಎಸ್‌ಎಂ58 ಸಾಕು. 1966ರಿಂದ ಇರುವ ಮೈಕ್, ಬಿದ್ದರೂ ಸುಲಭಕ್ಕೆ ಕೆಡುವುದಿಲ್ಲ.

ಉತ್ತರ 2: 58 ಸರಿ, ಆದರೆ ಸ್ಟೇಜ್ ಮೇಲೆ ಮಾನಿಟರ್ (ಹಾಡುವವರಿಗೆ ತಮ್ಮ ದನಿ ಕೇಳಿಸುವ ಸ್ಪೀಕರ್) ಎಲ್ಲಿಡುತ್ತಾರೆ ನೋಡಿಕೊಳ್ಳಿ. 58 ಕಾರ್ಡಿಯಾಯ್ಡ್, ಅಂದರೆ ಮುಖ್ಯವಾಗಿ ಮುಂದಿನ ಸದ್ದನ್ನು ಹಿಡಿಯುವಂಥದ್ದು, ನೇರ ಹಿಂದಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಶೂರ್‌ನ ಇನ್ನೊಂದು ಮೈಕ್ ಬೀಟಾ 58ಎ ಸೂಪರ್‌ಕಾರ್ಡಿಯಾಯ್ಡ್, ಅಂದರೆ ಇನ್ನೂ ಕಿರಿದಾಗಿ ಹಿಡಿಯುವಂಥದ್ದು, ಪಕ್ಕದ ಸದ್ದು ಕಡಿಮೆ ಆದರೆ ನೇರ ಹಿಂದಿನಿಂದ ಸ್ವಲ್ಪ ಹಿಡಿಯುತ್ತದೆ, ಹಾಗಾಗಿ ಮಾನಿಟರ್ ಸ್ವಲ್ಪ ಓರೆಗೆ ಇರಬೇಕು. ಮೈಕ್ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಎರಡೂ ಕೂಗುತ್ತವೆ, ಅಂದರೆ ಸ್ಪೀಕರ್ ಸದ್ದು ಮತ್ತೆ ಮೈಕ್‌ಗೆ ಹೋಗಿ ಕೀಂ ಅನ್ನುತ್ತದೆ (ರ್‍ಯಾಪ್ ಮಾಡುವವರಿಗೆ ಹೇಳಿ ಪ್ರಯೋಜನವಿಲ್ಲ ಬಿಡಿ).

ಪ್ರಶ್ನೆ ಕೇಳಿದವರು: ಎಕೋಗೆ ಏನು ಮಾಡಲಿ?

ಉತ್ತರ 1: ಯಾವ ಮೈಕೂ ಅದನ್ನು ಪೂರ್ತಿ ತೆಗೆಯುವುದಿಲ್ಲ. ಬಾಯಿಂದ ನಾಲ್ಕು ಬೆರಳು ದೂರದಲ್ಲಿಟ್ಟು ಗೇನ್ ಇಳಿಸಿ. ಹತ್ತಿರ ಬಂದಷ್ಟೂ ಬೇಸ್ ಜಾಸ್ತಿಯಾಗುತ್ತದೆ ಅಲ್ವಾ, ಅದಕ್ಕೆ 80 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದನ್ನು ಕಟ್ ಮಾಡಿ. ಪ, ಫ ಸಿಡಿದರೆ ಮೈಕ್‌ಗೆ ಫೋಮ್ ಕವರ್ ಹಾಕಿ.