ಟೋಕಿನಾ 11-16 ಲೆನ್ಸ್: ಹಳೇದಾ, ಹೊಸದಾ? ಡಿ5300ನಲ್ಲಿ ಆಟೋಫೋಕಸ್ ಆಗ್ತಿಲ್ಲ

ಗುಮ್ಮಟದ ಓಣಿ, ವಿಜಯಪುರ:
ನಮಸ್ಕಾರ್ರೀ ಎಲ್ಲರಿಗೂ. ನನ್ನದು ನಿಕಾನ್ ಡಿ5300, ಜೊತೆಗೆ ಬಂದ 18-55 ಲೆನ್ಸ್. ಗೋಳಗುಮ್ಮಟದ ಒಳಗೆ ಎಷ್ಟು ಹಿಂದೆ ಸರಿದರೂ ಗೋಡೆ, ಗುಮ್ಮಟ ಎರಡೂ ಒಂದೇ ಫ್ರೇಮಿನಲ್ಲಿ ಕೂರಲ್ಲ. ಪರಿಚಯದ ಸ್ಟುಡಿಯೋದವರ ಹತ್ತಿರ ಇನ್ನೂ ಅಗಲ ನೋಟದ ಟೋಕಿನಾ 11-16 ಎಂಎಂ ಎಫ್/2.8 (ಎಫ್ ಸಂಖ್ಯೆ ಚಿಕ್ಕದಾದಷ್ಟು ಬೆಳಕು ಜಾಸ್ತಿ), ಮೊದಲನೇ ವರ್ಷನ್ ಇದೆ. ಹಾಕಿ ನೋಡು, ಆಮೇಲೆ ದುಡ್ಡಿನ ಮಾತು ಅಂತ ಕೊಟ್ಟಿದ್ದಾರೆ. ಫೋಟೊ ಬರುತ್ತೆ, ಮೀಟರಿಂಗ್ (ಬೆಳಕಿನ ಅಳತೆ) ಸರಿ ಇದೆ. ಆದರೆ ಬಟನ್ ಅರ್ಧ ಒತ್ತಿದರೆ ಲೆನ್ಸ್ ಮಿಸುಕುವುದೇ ಇಲ್ಲ. ಕಾಂಟ್ಯಾಕ್ಟ್ ಒರೆಸಿದೆ, ಫೋಕಸ್ ರಿಂಗನ್ನು ಮುಂದಕ್ಕೆ ತಳ್ಳಿ ಎಎಫ್‌ಗೆ (ಆಟೋಫೋಕಸ್) ಇಟ್ಟೆ. ಏನೂ ಆಗಲಿಲ್ಲ. ಕೆಟ್ಟಿದೆಯಾ? ಎರಡನೇ ವರ್ಷನ್ನಿಗೆ ಜಾಸ್ತಿ ದುಡ್ಡು. ಅಷ್ಟು ಕೊಡಬಹುದಾ?

ಘಟಪ್ರಭಾ ದಂಡೆ, ಬಾಗಲಕೋಟೆ:
ಲೆನ್ಸ್ ಕೆಟ್ಟಿಲ್ಲ ಬಿಡ್ರಿ. ನಿಮ್ಮ ಕ್ಯಾಮೆರಾದಲ್ಲಿ ಫೋಕಸ್ ಮೋಟರ್ ಇಲ್ಲ, ಆ ಲೆನ್ಸಿನಲ್ಲೂ ಇಲ್ಲ. ಲೆನ್ಸ್ ಬಿಚ್ಚಿ ಮೌಂಟ್ (ಕ್ಯಾಮೆರಾಗೆ ಕೂರುವ ಭಾಗ) ನೋಡಿ. ಲೋಹದ ಬಳೆಯ ಒಂದು ಕಡೆ ಸ್ಕ್ರೂ ತಲೆ ತರಹ ಸೀಳು ಇರುತ್ತೆ. ಡಿ90, ಡಿ7000, ಡಿ7200ರಂಥ ಬಾಡಿಯಿಂದ ಪುಟ್ಟ ಕಡ್ಡಿಯೊಂದು ಹೊರಬಂದು ಆ ಸೀಳಿಗೆ ಕೂತು ತಿರುಗಿಸುತ್ತೆ. ನಿಕಾನ್‌ನ 3000, 5000 ಸರಣಿಯಲ್ಲಿ ಆ ಕಡ್ಡಿಯೇ ಇಲ್ಲ.

ಎರಡನೇ ವರ್ಷನ್ನಿನಲ್ಲಿ ಮೋಟರ್ ಲೆನ್ಸಿನೊಳಗೇ ಇದೆ. ಹೆಸರಿನ ಕೊನೆಗೆ ರೋಮನ್ ಎರಡು ಇರುತ್ತೆ. ಗಾಜಿನ ಜೋಡಣೆ ಮಾತ್ರ ಎರಡರಲ್ಲೂ ಒಂದೇ, 11 ಗುಂಪಿನಲ್ಲಿ 13 ಗಾಜು. ಕೋಟಿಂಗ್ ತುಸು ಬದಲಾಗಿದೆ ಅಷ್ಟೇ. ಬಿಸಿಲಿಗೆ ಎದುರಾಗಿ ಹಿಡಿದರೆ ಎರಡೂ ಫ್ಲೇರ್ (ಫೋಟೊದಲ್ಲಿ ಬೆಳಕಿನ ಕಲೆ) ಕೊಡುತ್ತವೆ. ಅಂದರೆ ಜಾಸ್ತಿ ದುಡ್ಡು ಹೋಗುವುದು ಮೋಟರಿಗೆ, ಫೋಟೊ ಚೆಂದ ಬರಲಿ ಅಂತಲ್ಲ.

ಖಾನಾಪುರ ಮಳೆ, ಬೆಳಗಾವಿ:
ನಮ್ಮ ಕ್ಯಾನನ್‌ನವರಿಗೆ ಈ ತಲೆಬಿಸಿ ಇಲ್ಲ. ಕ್ಯಾನನ್‌ನ ಇಎಫ್ ಮೌಂಟಿನಲ್ಲಿ ಮೊದಲಿಂದಲೂ ಮೋಟರ್ ಲೆನ್ಸಿನಲ್ಲೇ. ಕ್ಯಾನನ್ ಆಗಿದ್ದರೆ ಸುಮ್ನೆ ಹಳೇದೇ ತಗೊಳ್ಳಿ ಅಂತಿದ್ದೆ.

ಅದಿರಲಿ, ಮೊದಲು ಫಂಗಸ್ (ಗಾಜಿಗೆ ಹಿಡಿಯುವ ಬೂಷ್ಟು) ನೋಡಿ. ನಿಕಾನ್ ಮೌಂಟಿನ ಈ ಲೆನ್ಸ್ ಬಿಚ್ಚಿದಾಗ ಅಪರ್ಚರ್ (ಒಳಗೆ ಬೆಳಕು ಬಿಡುವ ಕಂಡಿ) ಮುಚ್ಚಿಕೊಂಡಿರುತ್ತೆ. ಹಿಂದಿನ ಲಿವರನ್ನು ಬೆರಳಲ್ಲಿ ಸರಿಸಿ ಹಿಡಿದು, ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ವಾಪಸ್ ಕೊಟ್ಟುಬಿಡಿ. ನಾಲ್ಕು ಧೂಳಿನ ಕಣಕ್ಕೆ ಹೆದರಬೇಡಿ. ನಿಮ್ಮ ಊರಿನ ಒಣ ಹವೆಯಲ್ಲಿ ಫಂಗಸ್ ಭಯ ಕಡಿಮೆ, ಆದರೆ ಆ ಲೆನ್ಸ್ ಮೊದಲು ಯಾವ ಊರಲ್ಲಿತ್ತು ಅಂತ ಕೇಳಿ. ನಮ್ಮ ಕಡೆಯದಾದರೆ ಎರಡು ಸಲ ನೋಡಿ!

ಗುಮ್ಮಟದ ಓಣಿ, ವಿಜಯಪುರ:
ಸೀಳು ಸಿಕ್ತು ಸರ್. ಈಗ ಅರ್ಥ ಆಯ್ತು. ಟಾರ್ಚ್ ಬಿಟ್ಟು ನೋಡಿದೆ, ಎಳೆ ಏನೂ ಇಲ್ಲ. ಒಳಗೆ ಕತ್ತಲೆ, ಕೈಯಲ್ಲೇ ಹಿಡಿದು ಹೊಡೆಯಬೇಕು. ಮ್ಯಾನ್ಯುವಲ್ ಫೋಕಸ್ ನಂಬಬಹುದಾ?

ಘಟಪ್ರಭಾ ದಂಡೆ, ಬಾಗಲಕೋಟೆ:
ಕಟ್ಟಡಕ್ಕೆ ಧಾರಾಳವಾಗಿ ನಂಬಿ. 11 ಎಂಎಂ, ಎಫ್/2.8ರಲ್ಲಿ 2.2 ಮೀಟರಿಗೆ ಫೋಕಸ್ ಇಟ್ಟರೆ ಸುಮಾರು 1.1 ಮೀಟರಿನಿಂದ ಆಚೆಗೆಲ್ಲ ಶಾರ್ಪ್. ಎಫ್/8ಕ್ಕೆ ಇಳಿಸಿದರೆ ಮುಕ್ಕಾಲು ಮೀಟರಿಗೆ ಇಟ್ಟರೂ ಸಾಕು. 16ಕ್ಕೆ ಜೂಮ್ ಮಾಡಿದರೆ ಈ ಸಲಿಗೆ ಇಲ್ಲ, ಎಫ್/2.8ರಲ್ಲಿ 4.6 ಮೀಟರಿಗೆ ಫೋಕಸ್ ಇಡಬೇಕು. ಲೆನ್ಸಿನ ಮೇಲಿನ ಅಳತೆ ಗೆರೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ ಒಮ್ಮೆ ತಾಳೆ ನೋಡಿ. ಮೆನುವಿನಲ್ಲಿ ರೇಂಜ್‌ಫೈಂಡರ್ ಆನ್ ಮಾಡಿದರೆ ಯಾವ ಕಡೆ ತಿರುಗಿಸಬೇಕು ಅಂತ ವ್ಯೂಫೈಂಡರಿನಲ್ಲೇ ತೋರಿಸುತ್ತೆ. ಮೇಲಿನ ಡಯಲ್ ಎಂ ಮೋಡಿನಲ್ಲಿದ್ದರೆ ಇದು ಬರಲ್ಲ, ಎ ಮೋಡಿಗೆ ಇಡಿ.

ಬಾರಾ ಕಮಾನಿಗೂ ಹೋಗ್ತೀರಲ್ವಾ? ಅಲ್ಲಿ ಛಾವಣಿ ಇಲ್ಲ, ಕಪ್ಪು ಕಮಾನಿನ ಹಿಂದೆ ಬೆಳ್ಳನೆ ಆಕಾಶ. ಫ್ರೇಮಿನ ಮೂಲೆಗೆ ಬಂದ ಕಲ್ಲಿನ ಅಂಚಿಗೆ ನೇರಳೆ-ಹಸಿರು ಗೆರೆ ಮೂಡುತ್ತೆ. ಅಪರ್ಚರ್ ಕಿರಿದು ಮಾಡಿದರೂ ಹೋಗಲ್ಲ. ಹೊಸ ವರ್ಷನ್ ಕೊಂಡರೂ ಹೋಗಲ್ಲ. ರಾ ಫೈಲಿನಲ್ಲಿ (ಕ್ಯಾಮೆರಾದ ಕಚ್ಚಾ ಫೈಲ್) ಆ ಗೆರೆಯನ್ನು ಆಮೇಲೆ ಅಳಿಸಬೇಕು.

ಬಾದಾಮಿ ಬೆಳಕು, ಬಾಗಲಕೋಟೆ ಜಿಲ್ಲೆ:
ನಾನು ಎರಡೂ ಬೇಡ ಅಂತೀನಿ. ನಿಕಾನ್‌ನದೇ ಎಎಫ್-ಪಿ 10-20 ವಿಆರ್ (ಕೈ ನಡುಕ ತಡೆಯುವ ವ್ಯವಸ್ಥೆ ಇರುವ) ಲೆನ್ಸ್ ನೋಡಿ, 2017ರದ್ದು. ತೂಕ 230 ಗ್ರಾಂ, ಟೋಕಿನಾ ಅದರ ಎರಡು ಪಟ್ಟಿಗಿಂತ ಜಾಸ್ತಿ. ಪುರಾತತ್ವ ಇಲಾಖೆಯ ಜಾಗದಲ್ಲಿ ಪರವಾನಗಿ ಇಲ್ಲದೆ ಟ್ರೈಪಾಡ್ ಬಿಡಲ್ಲ. ಇದು ಎಫ್/4.5, ಅಂದರೆ ಟೋಕಿನಾಗಿಂತ ಒಂದೂಕಾಲು ಸ್ಟಾಪಿಗಿಂತ ತುಸು ಜಾಸ್ತಿ ಬೆಳಕು ಹೋಯ್ತು (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ), ನಿಜ. ಆದರೆ ವಿಆರ್‌ನಿಂದ ಮೂರೂವರೆ ಸ್ಟಾಪ್ ಸಿಗುತ್ತೆ ಅಂತ ನಿಕಾನ್ ಹೇಳುತ್ತೆ. ಗುಮ್ಮಟವೇನು ಓಡಿಹೋಗಲ್ಲ. ಡಿ5300ಗೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿಕೊಳ್ಳಬೇಕು, ಅಷ್ಟೇ.

ಘಟಪ್ರಭಾ ದಂಡೆ, ಬಾಗಲಕೋಟೆ:
ಕಲ್ಲಿಗೆ ಸರಿ ಅಣ್ಣಾ, ಮಂದಿಗೆ ಅಲ್ಲ. ವಿಆರ್ ನಮ್ಮ ಕೈ ನಡುಕ ತಡೆಯುತ್ತೆ, ಕುಣಿಯುವವರನ್ನು ನಿಲ್ಲಿಸಲ್ಲ. ಮದುವೆ, ಜಾತ್ರೆ ಇದ್ದರೆ ಎಫ್/2.8 ಬೇಕು. ಡಿ5300ಗೆ ಅಂಥ ಕಡೆ ಎರಡನೇ ವರ್ಷನ್ನೇ ಸರಿ.

ಗುಮ್ಮಟದ ಓಣಿ, ವಿಜಯಪುರ:
ಮದುವೆ ಕೆಲಸ ನನ್ನದಲ್ಲ ಸರ್. ರೇಂಜ್‌ಫೈಂಡರ್ ಆನ್ ಮಾಡಿದೆ, ಚೆನ್ನಾಗಿ ಕೆಲಸ ಮಾಡ್ತಿದೆ. ನಿಕಾನ್ 10-20 ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಅದನ್ನೂ ಒಮ್ಮೆ ಹಾಕಿ ನೋಡ್ತೀನಿ. ಸಿಗದಿದ್ದರೆ ಹಳೇ ಟೋಕಿನಾನೇ. ಬೆಲೆ ಸ್ವಲ್ಪ ಇಳಿಸಿ ಅಂತ ಕೇಳ್ತೀನಿ.

ಘಟಪ್ರಭಾ ದಂಡೆ, ಬಾಗಲಕೋಟೆ:
ಕೇಳುವಾಗ ಇದನ್ನೂ ಹೇಳ್ರಿ: ನಾಳೆ ನಿಕಾನ್‌ನ ಝಡ್ ಮಿರರ್‌ಲೆಸ್ ಕ್ಯಾಮೆರಾಗೆ ಹೋದರೂ, ಹಳೇ ಲೆನ್ಸ್ ಅದಕ್ಕೆ ಕೂರಿಸುವ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆ ತಿರುಗಿಸುವ ಕಡ್ಡಿ ಇಲ್ಲ, ಅಲ್ಲೂ ಮ್ಯಾನ್ಯುವಲ್ಲೇ. ಅಷ್ಟು ಹೇಳಿದರೆ ಬೆಲೆ ಇಳಿಸ್ತಾರೆ.